ನೀಲಿ ಜೀನ್ಸ್ ಮೊಬೈಲಿನಲ್ಲಿ ಕಂದಾಗದಿರಲು ಬಣ್ಣವನ್ನು ಹೇಗೆ ಕೂಡಿಡಬೇಕು?

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಆರ್ಡರ್ ತಂತ್ರಾಂಶ ನೋಡಲು ಹೋಗಿದ್ದೆ. ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಡುನೀಲಿಯಾಗಿದ್ದ ಪ್ಯಾಂಟು ಮಾಲೀಕರ ಮೊಬೈಲಿನಲ್ಲಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ಮೊಬೈಲ್ ಬದಲಾಯಿಸಬೇಕೇನೋ ಸರ್" ಎಂದರು. ಮೊಬೈಲಿನದು ಏನೂ ತಪ್ಪಿರಲಿಲ್ಲ. ನಮ್ಮ ಭಾಗದ ಹುಡುಗರು ಬರೆದ ತಂತ್ರಾಂಶಗಳಲ್ಲಿ ಇದೇ ಎಡವಟ್ಟನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲ ಹಂತ ಸುಲಭ. ತಂತ್ರಾಂಶದ ಒಳಗೆ ಬಣ್ಣಕ್ಕೆ ಒಂದೇ ರೂಪವಿರಲಿ: ಕೆಂಪು, ಹಸಿರು, ನೀಲಿ, ಆಲ್ಫಾ (ಬಣ್ಣ ಎಷ್ಟು ಅಪಾರದರ್ಶಕ ಎಂಬ ಅಳತೆ) ಎಂದು ಹೆಸರಿಟ್ಟ ನಾಲ್ಕು ಸಂಖ್ಯೆಗಳು, ಪ್ರತಿಯೊಂದೂ 0ರಿಂದ 255ರ ಒಳಗೆ. ಇವು ಪರದೆಗಳ ಸಾಮಾನ್ಯ ಬಣ್ಣ ಮಾನಕವಾದ ಎಸ್‌ಆರ್‌ಜಿಬಿಯ ಬೆಲೆಗಳೆಂದು ಕೋಡಿನಲ್ಲೇ ಬರೆದಿಡಿ. ನಾಲ್ಕನ್ನೂ ಒಂದೇ 32 ಬಿಟ್ ಸಂಖ್ಯೆಯಾಗಿ ಕಟ್ಟಿದರೆ ವೇಗ ಹೆಚ್ಚುತ್ತದೆ ಎನ್ನುವವರಿದ್ದಾರೆ. ಆರ್ಡರ್ ಪಟ್ಟಿಗೆ ಆ ವೇಗ ಬೇಕಿಲ್ಲ. ಕಟ್ಟಬೇಡಿ.

ಎರಡನೆಯ ಹಂತ ಗಡಿ ದಾಟಿಸುವುದು, ಅಂದರೆ ಒಂದು ವೇದಿಕೆಯ (ವಿಂಡೋಸ್, ವೆಬ್, ಆಂಡ್ರಾಯ್ಡ್) ಬಣ್ಣವನ್ನು ಇನ್ನೊಂದಕ್ಕೆ ಕೊಡುವುದು. ಎಲ್ಲರೂ ಎಡವುವುದು ಇಲ್ಲಿಯೇ. ನಮ್ಮ ಕಡುನೀಲಿಯನ್ನೇ ತೆಗೆದುಕೊಳ್ಳಿ: ಕೆಂಪು 38, ಹಸಿರು 56, ನೀಲಿ 100. ಹದಿನಾರರ ಆಧಾರದ ಹೆಕ್ಸ್ ಎಣಿಕೆಯಲ್ಲಿ ಇವು 26, 38, 64. ವೆಬ್ ಪುಟದಲ್ಲಿ ಇದು #263864. ವಿಂಡೋಸ್ ಬಣ್ಣಕ್ಕೆ ಬಳಸುವ ಕಲರ್‌ರೆಫ್ ಎಂಬ ಸಂಖ್ಯೆ ಇದನ್ನೇ ತಿರುವಿ, ನೀಲಿಯನ್ನು ಮುಂದಿಟ್ಟು 00643826 ಎಂದು ಹಿಡಿಯುತ್ತದೆ. ಈ ಸಂಖ್ಯೆಯ ಕೊನೆಯ ಆರು ಅಂಕಿಗಳನ್ನು ವೆಬ್ ರೀತಿಯಲ್ಲಿ ಓದಿದರೆ ಕೆಂಪು 100, ನೀಲಿ 38 ಆಗುತ್ತದೆ. ಮಾಲೀಕರು ಕಂಡ ಬೆಲ್ಲದ ಬಣ್ಣ ಇದೇ. ಇಡೀ ಸಂಖ್ಯೆಯನ್ನು ಹಾಗೆಯೇ ಆಂಡ್ರಾಯ್ಡಿಗೆ ಕೊಟ್ಟರೆ ಇನ್ನೂ ಕಷ್ಟ: ಅಲ್ಲಿ ಮೊದಲ ಎರಡು ಅಂಕಿ ಆಲ್ಫಾ, 00 ಎಂದರೆ ಪೂರ್ತಿ ಪಾರದರ್ಶಕ. ಪ್ಯಾಂಟೇ ಮಾಯ.

ಆಂಡ್ರಾಯ್ಡ್ ಬರೆಯುವ #ಎಫ್‌ಎಫ್263864 (ಎಫ್‌ಎಫ್ ಎಂದರೆ ಹೆಕ್ಸ್ ಎಣಿಕೆಯ 255) ಕೂಡ ವೆಬ್ಬಿಗೆ ಹೊಂದುವುದಿಲ್ಲ. ವೆಬ್ ಪುಟದ ಅಂದವನ್ನು ಹೇಳುವ ಸಿಎಸ್‌ಎಸ್ ಭಾಷೆಯ ಎಂಟು ಅಂಕಿಗಳಲ್ಲಿ ಆಲ್ಫಾ ಕೊನೆಗೆ ಬರುತ್ತದೆ. ಹೀಗಾಗಿ ಎಫ್‌ಎಫ್ ಕೆಂಪಿನ ಪಾಲಾಗಿ, ನಮ್ಮ ನೀಲಿ ಆಲ್ಫಾ ಆಗಿ, ತೆಳ್ಳನೆಯ ಕೆಂಪು ಮೂಡುತ್ತದೆ.

ಪ್ರತಿ ವೇದಿಕೆಗೂ ಎರಡೇ ಎರಡು ಫಂಕ್ಷನ್ ಬರೆಯಿರಿ, ಒಳಗೆ ತರಲು ಒಂದು, ಹೊರಗೆ ಕಳಿಸಲು ಒಂದು. ಬೇರೆ ಯಾವ ಕಡತದಲ್ಲೂ ಬಣ್ಣದ ಬೈಟುಗಳನ್ನು ಸರಿಸುವ ಸಾಲು ಕಾಣಬಾರದು. ಆ ಘಟಕದ ತಂತ್ರಾಂಶದಲ್ಲಿ ಅಂಥ ಸಾಲುಗಳು ಹನ್ನೊಂದು ಕಡೆ ಇದ್ದವು. ಕೆಲವು ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತಿದ್ದವು. ಒಂದನ್ನು ಸರಿಪಡಿಸಿದೊಡನೆ ಬೇರೆ ಪರದೆ ಕೆಡುತ್ತಿತ್ತು. ಎಲ್ಲಿಂದಲೋ ನಕಲು ಮಾಡಿದ ಪರಿವರ್ತಕ ಕೋಡನ್ನು ಓದದೆ ಸೇರಿಸಿದ್ದರ ಫಲ ಅದು.

ಬಣ್ಣವನ್ನು ಹೆಸರಿನಿಂದ ಉಳಿಸುವ ಅಡ್ಡದಾರಿಯೂ ಬೇಡ. 'ಗ್ರೇ' ಎಂದರೆ ಸಿಎಸ್‌ಎಸ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ 128, ಲಿನಕ್ಸ್ ಪರದೆಗಳ ಹಳೆಯ ಎಕ್ಸ್11 ಪಟ್ಟಿಯಲ್ಲಿ 190.

ಮೂರನೆಯದು ಅಳತೆ. ಐಫೋನಿನಲ್ಲಿ ಬಣ್ಣ ಹಿಡಿಯುವ ಯುಐಕಲರ್ 0ರಿಂದ 1ರ ದಶಮಾಂಶ ಕೇಳುತ್ತದೆ. 255ರಿಂದ ಭಾಗಿಸಿ, 256ರಿಂದ ಅಲ್ಲ. ಹಿಂದಕ್ಕೆ ತರುವಾಗ 255ರಿಂದ ಗುಣಿಸಿ ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ದಶಮಾಂಶವನ್ನು ಸುಮ್ಮನೆ ಕತ್ತರಿಸಿದರೆ ಪ್ರತಿ ಸಲ ಉಳಿಸಿದಾಗಲೂ ಬಣ್ಣ ಒಂದೊಂದು ಅಂಕಿ ಕಪ್ಪಿನತ್ತ ಜಾರಬಹುದು. ಪ್ರತಿ ಬಣ್ಣಕ್ಕೆ 16 ಬಿಟ್ ಬೇಕಾದಲ್ಲಿ 257ರಿಂದ ಗುಣಿಸಿ, ಆಗ 255 ಸರಿಯಾಗಿ 65535 ಆಗುತ್ತದೆ.

ಸ್ಟೋನ್ ವಾಷ್‌ನ ಮಾಸಲನ್ನು ಪರದೆಯಲ್ಲಿ ತೋರಿಸಲು ಎರಡು ಬಣ್ಣ ಬೆರೆಸುವುದಾದರೆ ಎಸ್‌ಆರ್‌ಜಿಬಿ ಬೆಲೆಗಳ ನೇರ ಸರಾಸರಿ ತೆಗೆಯಬೇಡಿ. ಅವು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿಲ್ಲ. ಕಪ್ಪು ಬಿಳುಪಿನ ಬೆಳಕು ಅರ್ಧರ್ಧ ಸೇರಿದರೆ ಬರುವುದು 128 ಅಲ್ಲ, ಸುಮಾರು 188. ಮೊದಲು ಬೆಳಕಿನ ಅಳತೆಗೆ ಬದಲಿಸಿ, ಬೆರೆಸಿ, ಮರಳಿ ತನ್ನಿ.

ಇನ್ನು ಪರೀಕ್ಷೆ. ಬಿಳಿ, ಕಪ್ಪು, ಬೂದು ಹಾಕಿ ನೋಡಿ "ಎಲ್ಲ ಸರಿಯಿದೆ" ಎನ್ನುವವರೇ ಹೆಚ್ಚು. ಕೆಂಪು ನೀಲಿ ಅದಲುಬದಲಾದರೂ ಅವು ಬದಲಾಗುವುದಿಲ್ಲ, ಅಪ್ಪಟ ಹಸಿರೂ ಬದಲಾಗುವುದಿಲ್ಲ. ನಾಲ್ಕೂ ಬೇರೆ ಬೇರೆ ಇರುವ ಬಣ್ಣ ಹಾಕಿ: 38, 56, 100, ಆಲ್ಫಾ 128. ಆಲ್ಫಾ 255 ಇಟ್ಟರೆ ಇನ್ನೊಂದು ದೋಷ ಅಡಗಿಕೊಳ್ಳುತ್ತದೆ. ಕೆಲವು ಚಿತ್ರ ಸಂಗ್ರಹಗಳು ಬಣ್ಣವನ್ನು ಮೊದಲೇ ಆಲ್ಫಾದಿಂದ (128 ಎಂದರೆ ಸುಮಾರು ಅರ್ಧ) ಗುಣಿಸಿಡುತ್ತವೆ, ಅಲ್ಲಿ 38 ಎಂಬುದು 19 ಆಗಿರುತ್ತದೆ. ಅದನ್ನು ಹಾಗೆಯೇ ಒಳಗೆ ತಂದರೆ ಬಣ್ಣ ಕಪ್ಪಿಡುತ್ತದೆ.

ಕೊನೆಯದಾಗಿ, ಪ್ರತಿ ಬಣ್ಣದ ಜೊತೆಗೆ ಶೇಡ್ ಕಾರ್ಡಿನ (ಬಟ್ಟೆಯ ಬಣ್ಣದ ಮಾದರಿ ಹಾಳೆಯ) ಸಂಖ್ಯೆಗೂ ಜಾಗ ಕೊಡಿ. ವಾಷಿಂಗ್ ಘಟಕಕ್ಕೆ ಹೋಗುವ ಚೀಟಿಯಲ್ಲಿ ಆ ಸಂಖ್ಯೆಯೇ ಮುದ್ರಣವಾಗಲಿ, ಬಣ್ಣದ ಚೌಕವಲ್ಲ.