ಬಾಟಲಿಯ ಲೆಕ್ಕ

ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಐದೂಕಾಲಿಗೆ ಮನೆ ಮುಂದೆ ಟ್ಯಾಕ್ಸಿ ಬಂದು ನಿಲ್ಲುತ್ತದೆ. ನನ್ನ ಕಿಡ್ನಿ ಕೆಟ್ಟಿದೆ, ಮಷಿನಿನಲ್ಲಿ ರಕ್ತ ತೊಳೆಸಬೇಕು, ಅದೇ ಡಯಾಲಿಸಿಸ್. ಡಯಾಲಿಸಿಸ್‌ಗೆ ಹೋಗಿಬರುವ ಈ ಖರ್ಚಿನ ಬಹುಪಾಲು ಜರ್ಮನಿಯಲ್ಲಿ ಆರೋಗ್ಯ ವಿಮೆಯವರದ್ದೇ. ನಾನಿರುವುದು ಗೀಸನ್ ಎಂಬ ಊರಿನಲ್ಲಿ. 1924ರಲ್ಲಿ ಗೆಯೋರ್ಗ್ ಹಾಸ್ ಎಂಬ ಡಾಕ್ಟರು ಮನುಷ್ಯರಿಗೆ ಮೊದಲ ಸಲ ಡಯಾಲಿಸಿಸ್ ಮಾಡಿದ್ದು ಇಲ್ಲೇ. ಅವತ್ತು ಅದು ನಡೆದದ್ದು ಬರೀ 15 ನಿಮಿಷ. ನನ್ನದು ನಾಲ್ಕೂವರೆ ಗಂಟೆ.

ಎದ್ದ ಕೂಡಲೇ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಡುತ್ತೇನೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದ್ದಾರೆ. ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ಒಳಗೆ ಜುಂ ಅನ್ನಬೇಕು. ಅನ್ನದಿದ್ದರೆ ತಕ್ಷಣ ಫೋನ್ ಮಾಡಬೇಕು. ಆ ಕೈಗೆ ವಾಚಿಲ್ಲ, ಬಿಪಿ ಪಟ್ಟಿಯಿಲ್ಲ, ಮಲಗುವಾಗ ಅದು ತಲೆಯಡಿಗೆ ಹೋಗುವಂತೆಯೂ ಇಲ್ಲ.

ಸೆಂಟರಿನಲ್ಲಿ ಮೊದಲು ತೂಕ, ಆಮೇಲೆ ಕೈ ತೊಳೆಯುವುದು, ಆಮೇಲೆ ಎರಡು ಸೂಜಿ. ಸೂಜಿ ಅನ್ನುತ್ತಾರೆ, ನೋಡಿದರೆ ದಬ್ಬಣದ ತಮ್ಮ. ಮಧ್ಯೆ ಬನ್ನು, ಚೀಸು ಕೊಡುತ್ತಾರೆ. ಚೀಸಿನಲ್ಲಿ ಫಾಸ್ಫೇಟ್ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುವುದಿಲ್ಲ, ಅದಕ್ಕೆ ನಾನು ಉಪ್ಪಿಟ್ಟಿನ ಡಬ್ಬಿ ಒಯ್ಯುತ್ತೇನೆ. ಫಾಸ್ಫೇಟ್ ಹಿಡಿಯುವ ಮಾತ್ರೆಯನ್ನು ತುತ್ತಿನ ಜೊತೆಗೇ ನುಂಗಬೇಕು. ಉಂಡು ಕೈ ತೊಳೆದ ಮೇಲೆ ನೆನಪಾದರೆ ಏನೂ ಉಪಯೋಗವಿಲ್ಲ.

ಜರ್ಮನ್ ಭಾಷೆಯಲ್ಲಿ ನಾನು ಮೊದಲು ಗಟ್ಟಿಮಾಡಿಕೊಂಡ ಪದ ‘ಶ್ವಿಂಡಲ್’. ತಲೆಸುತ್ತು ಅಂತ. ಮೋಸ ಅಂತಲೂ ಅರ್ಥವಿದೆಯಂತೆ! ಬಿಪಿ ಇಳಿಯುವಾಗ ವ್ಯಾಕರಣ ಯಾರಿಗೆ ಬೇಕು? ಆ ಒಂದು ಪದ ಕೂಗಿದರೆ ನರ್ಸ್ ಓಡಿ ಬರುತ್ತಾರೆ.

ನಿಜ ಹೇಳಬೇಕೆಂದರೆ ಮಷಿನಿನ ಹತ್ತಿರ ನಾನು ಮಾಡುವುದು ಏನೂ ಇಲ್ಲ, ಸುಮ್ನೆ ಮಲಗಿರುವುದು ಅಷ್ಟೆ. ಕಷ್ಟವೆಲ್ಲ ಮನೆಯಲ್ಲಿ. ಕುಡಿದದ್ದರಲ್ಲಿ ಬಹುಪಾಲು ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲೇ ಉಳಿಯುತ್ತದೆ, ಅದಕ್ಕೇ ಲೆಕ್ಕ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ನನಗೆ ದಿನಕ್ಕೆ ಕುಡಿಯಲು ಸಿಗುವುದು ಇಷ್ಟೇ, ಸುಮಾರು 700 ಎಂಎಲ್. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ಬೆಳಗ್ಗೆ ಒಂದು ಬಾಟಲಿಗೆ 700 ಎಂಎಲ್ ನೀರು ತುಂಬಿಡುತ್ತೇನೆ. ಒಂದು ಲೋಟ ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಕಿಟಕಿಯ ತುಳಸಿಗೆ ಸುರಿಯುತ್ತೇನೆ. ಸಂಜೆಗೆ ಉಳಿದದ್ದು ಕಣ್ಣಿಗೇ ಕಾಣುತ್ತದೆ. ಆ್ಯಪ್‌ಗಳನ್ನೂ ನೋಡಿದೆ, ಆದರೆ ಆ್ಯಪ್‌ಗೆ ಸುಳ್ಳು ಹೇಳುವುದು ಸುಲಭ.

ಶುಕ್ರವಾರದಿಂದ ಸೋಮವಾರದವರೆಗಿನ ದೊಡ್ಡ ಗ್ಯಾಪ್ ಇದೆಯಲ್ವಾ, ಅಲ್ಲೇ ಎಡವುವುದು. ಒಂದು ಗಣೇಶ ಹಬ್ಬದ ಶನಿವಾರ ಕನ್ನಡದ ಸ್ನೇಹಿತರ ಮನೆಗೆ ಹೋಗಿದ್ದೆ. ಟೊಮೆಟೊ ಸಾರು, ಎರಡು ಸಲ ಪಾಯಸ, ಆಮೇಲೆ ಉಪ್ಪಿನಕಾಯಿಯ ದಾಹಕ್ಕೆ ನೀರು. ಸೋಮವಾರ ತೂಕದ ಮಷಿನ್ 4.1 ಕೆಜಿ ಜಾಸ್ತಿ ತೋರಿಸಿತು. ಅಷ್ಟು ನೀರನ್ನು ಡಯಾಲಿಸಿಸ್ ಮಷಿನ್ ಮೈಯಿಂದ ಎಳೆಯಲು ಹೋಗಿ ಮೂರನೇ ಗಂಟೆಗೆ ಮೀನಖಂಡ ಹಗ್ಗ ಹೊಸೆದ ಹಾಗೆ ಬಿಗಿಯಿತು. ನರ್ಸ್ ನನ್ನ ಪಾದವನ್ನು ತಮ್ಮ ಹೊಟ್ಟೆಗೊತ್ತಿ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪೊಟ್ಯಾಸಿಯಂ ಕೂಡ ಮೈಯಲ್ಲಿ ಉಳಿದುಬಿಡುತ್ತದೆ. ಅದನ್ನು ಕಡಿಮೆ ಮಾಡಲು ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ ಅದನ್ನೂ ಬಸಿಯುತ್ತೇನೆ. ಪಲ್ಯಕ್ಕೆ ರುಚಿ ಎಲ್ಲಿಂದ ಬರಬೇಕು? ‘ಸೋಡಿಯಂ ಕಡಿಮೆ’ ಅಂತ ಮಾರುವ ಉಪ್ಪು ಮುಟ್ಟಬೇಡಿ, ಅದರಲ್ಲಿ ಇರುವುದೇ ಪೊಟ್ಯಾಸಿಯಂ. ಅಮ್ಮ ತೀರ್ಥಹಳ್ಳಿಯಿಂದ ದಾರೆಹುಳಿ (ಸ್ಟಾರ್ ಫ್ರೂಟ್) ಉಪ್ಪಿನಕಾಯಿ ಕಳಿಸುತ್ತೇನೆ ಎಂದಾಗ ಬೇಡ ಎಂದೆ. ಕಿಡ್ನಿ ಕೆಟ್ಟವರಿಗೆ ದಾರೆಹುಳಿ ವಿಷವೇ, ಮಿದುಳಿಗೆ ಹೊಡೆಯುತ್ತದೆ. ಅಮ್ಮ ನಂಬಲಿಲ್ಲ. ಹಿತ್ತಿಲ ಮರದ ಹಣ್ಣಲ್ವಾ.

ಡಿಸೆಂಬರ್‌ನಲ್ಲಿ ಊರಿಗೆ ಹೋಗಬೇಕು. ಟಿಕೆಟ್‌ಗಿಂತ ಮೊದಲು ಶಿವಮೊಗ್ಗದಲ್ಲಿ ಡಯಾಲಿಸಿಸ್ ಸೀಟು ಹಿಡಿಯಬೇಕಾಯಿತು. ಹೆಪಟೈಟಿಸ್, ಎಚ್‌ಐವಿ ರಿಪೋರ್ಟ್ ಕಳಿಸಿದ್ದೇನೆ. ಸಿಕ್ಕಿದ್ದು ಮಂಗಳ, ಗುರು, ಶನಿ. ಅಕ್ಕನ ಮಗಳ ಧಾರೆ ಗುರುವಾರ ಬೆಳಗ್ಗೆ. ಮಧ್ಯಾಹ್ನದ ಶಿಫ್ಟ್ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.