ಕರಾವಳಿಯ ಇಗರ್ಜಿ, ಹಳೆ ಮನೆ: ಸಿಮೆಂಟು ಕಿತ್ತು ಸುಣ್ಣ ಬಳಿದ ಅನುಭವ

ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳ್ಳಿಗಳಲ್ಲಿ ಹಳೆ ಇಗರ್ಜಿ (ಚರ್ಚು), ಗುತ್ತಿನ ಮನೆಗಳ (ಊರಿನ ಹಿರಿ ಮನೆತನಗಳ ದೊಡ್ಡ ಮನೆಗಳ) ದುರಸ್ತಿಗೆ ಕರೆದರೆ ನಾವು ಮೊದಲು ನೋಡುವುದು ಗೋಡೆಯ ಬುಡವನ್ನು. ಕೆಂಪುಕಲ್ಲು ನೀರು ಹೀರುವ ಕಲ್ಲು. ಸುಣ್ಣದ ಗಾರೆಯಿದ್ದ ಕಾಲದಲ್ಲಿ ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಮೇಲೆ ಸಿಮೆಂಟು ಬಳಿದ ಮೇಲೆ ಆ ನೀರಿಗೆ ಹೊರದಾರಿಯಿಲ್ಲ. ಒಳಗೊಳಗೇ ಮೇಲೇರಿ, ಸೊಂಟದೆತ್ತರದಲ್ಲಿ ಉಪ್ಪು ಕಾರಿ, ಕಲ್ಲು ಉದುರತೊಡಗುತ್ತದೆ. ಹಾಗಾಗಿ ನಮ್ಮ ಕೆಲಸದ ದೊಡ್ಡ ಪಾಲು ಹಿಂದಿನ ದುರಸ್ತಿಯನ್ನು ಕೀಳುವುದೇ.

ಆದರೆ ಗೋಡೆಗೆ ಕೈಹಾಕುವ ಮೊದಲು ನೋಡಬೇಕಾದದ್ದು ಮಾಡು, ಅಂದರೆ ಹಂಚಿನ ಛಾವಣಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಬೇರೆಬೇರೆ ಕಂಪೆನಿಗಳು ಬಂದವು. ಒಂದರ ಹಂಚಿನ ಕಚ್ಚು (ಹಂಚಿಗೆ ಹಂಚು ಸಿಕ್ಕಿಕೊಳ್ಳುವ ಅಂಚು) ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಇಳಿಸಿದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಣ್ ಅಂದದ್ದನ್ನು ಮಾತ್ರ ಹಿಂಬದಿಯ ಮುದ್ರೆ ನೋಡಿ ಕಂಪೆನಿವಾರು ಜೋಡಿಸಿಡುತ್ತೇವೆ. ಒಂದೇ ಮುದ್ರೆಯ ಹಳೆ ಹಂಚು ಎದುರಿನ ಇಳಿಜಾರಿಗೆ, ಹೊಸದು ಹಿಂದಕ್ಕೆ. ಚದರ ಮೀಟರಿಗೆ ಸುಮಾರು 15 ಹಂಚು, ಒಂದೊಂದೂ ಎರಡು ಕಿಲೋ ಮೇಲೆ. ಸಾವಿರ ಚದರಡಿಗೆ ಹತ್ತಿರ ಮೂರು ಟನ್ ಆಯಿತು. ಇಷ್ಟು ಭಾರವನ್ನು ಒಂದೇ ಬದಿಯಿಂದ ಇಳಿಸಿದರೆ ಪಕ್ಕಾಸುಗಳು (ಮಾಡನ್ನು ಹೊರುವ ಇಳಿಜಾರು ಮರಗಳು) ಗೋಡೆಯನ್ನು ಇನ್ನೊಂದು ಬದಿಗೆ ತಳ್ಳುತ್ತವೆ. ಎರಡೂ ಕಡೆ ಸಮವಾಗಿ, ಸಾಲಿಗೆ ಸಾಲು ಇಳಿಸಬೇಕು.

ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಟೇಪಿನಲ್ಲಿ ಲೆಕ್ಕ ಹಾಕಿ ಹೊಡೆಯಬೇಡಿ. ಹತ್ತು ಹಂಚನ್ನು ನೆಲದ ಮೇಲೆ ಉದ್ದಕ್ಕೆ ಕಚ್ಚಿಸಿ, ಒಮ್ಮೆ ಪೂರ್ತಿ ಎಳೆದು, ಒಮ್ಮೆ ಪೂರ್ತಿ ಒತ್ತಿ ಅಳೆದು ಸರಾಸರಿ ತೆಗೆಯಿರಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಅರ್ಧ ಇಂಚು ಹೆಚ್ಚಾದರೂ ಗಾಳಿಮಳೆಗೆ ನೀರು ಒಳಗೆ.

ಪಕ್ಕಾಸು ಕೊಳೆಯುವುದು ಹೆಚ್ಚಾಗಿ ಗೋಡೆಯೊಳಗೆ ಹೂತ ತುದಿಯಲ್ಲಿ. ಇಡೀ ಮರ ಬದಲಾಯಿಸುವ ಅಗತ್ಯವಿಲ್ಲ. ಕೊಳೆತದ್ದನ್ನು ಕತ್ತರಿಸಿ, ಅದೇ ಜಾತಿಯ ಒಣಮರವನ್ನು ಓರೆಯಾಗಿ ಬೆಸೆದು ಬೋಲ್ಟು ಹಾಕಿದರೆ ಸಾಕು. ಬೆಸುಗೆಯ ಉದ್ದ ಮರದ ದಪ್ಪದ ಮೂರು ಪಾಲಾದರೂ ಇರಲಿ. ತುದಿಯ ಸುತ್ತ ಬೆರಳಗಲ ಜಾಗ ಬಿಡಿ, ಗಾರೆ ತುಂಬಬೇಡಿ. ಗೆದ್ದಲಿಗೆ ಗೇರು ಸಿಪ್ಪೆಯ ಎಣ್ಣೆ ನಮ್ಮ ಕಡೆಯ ಹಳೆ ಮದ್ದು. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಲಿಯುತ್ತದೆ, ಕೈಗವಸು ಕಡ್ಡಾಯ.

ಇನ್ನು ಗೋಡೆ. ಮೊದಲು ಸುತ್ತಲಿನ ಮಣ್ಣು, ಕಾಂಕ್ರೀಟು ಅಂಗಳ ತೆಗೆದು ನೆಲವನ್ನು ಪಂಚಾಂಗದ (ಗೋಡೆ ನಿಂತ ಅಡಿಗಟ್ಟಿನ) ಮಟ್ಟದಿಂದ ಎಂಟು ಇಂಚಾದರೂ ತಗ್ಗಿಸಿ, ನೀರು ಹರಿದುಹೋಗಲು ದಾರಿ ಮಾಡಿ. ಸಿಮೆಂಟು ಕೀಳಲು ಉಳಿ, ಸುತ್ತಿಗೆ ಮಾತ್ರ. ಬ್ರೇಕರ್ ಮೆಶಿನ್ ಹಚ್ಚಿದರೆ ಸಿಮೆಂಟಿನ ಜೊತೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ. ತಟ್ಟಿದಾಗ ಪೊಳ್ಳು ಸದ್ದು ಬರುವಲ್ಲಿಂದ ಶುರುಮಾಡಿ. ಹೊರಬಂದ ಉಪ್ಪನ್ನು ಒಣ ಬ್ರಶ್ಶಿನಿಂದ ಗುಡಿಸಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಸಾಧ್ಯವಾದರೆ ಒಂದು ಬೇಸಗೆ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಡಿ. ಮನೆಯವರಿಗೆ ಇದೇ ಕಷ್ಟದ ಮಾತು.

ಚೀಲದಲ್ಲಿ ಬರುವ ಸುಣ್ಣದ ಪುಡಿ ಎಷ್ಟು ಹಳೆಯದೆಂದು ತಿಳಿಯುವುದಿಲ್ಲ. ಗಾಳಿ ಕುಡಿದು ಅರ್ಧ ಸತ್ತಿರುತ್ತದೆ. ಅರಳಿಸದ ಚಿಪ್ಪುಸುಣ್ಣ ತಂದು, ತೊಟ್ಟಿಯ ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ (ಸುಣ್ಣದ ಮೇಲೆ ನೀರು ಸುರಿದರೆ ಕಣ್ಣಿಗೆ ಸಿಡಿದೀತು), ಸೋಸಿ, ನೀರು ನಿಲ್ಲಿಸಿ ಒಂದು ತಿಂಗಳಾದರೂ ಕೊಳೆಹಾಕಿ. ಗಾರೆಗೆ ಸುಣ್ಣ ಒಂದು ಪಾಲು, ತೊಳೆದ ಹೊಳೆಮರಳು ಎರಡೂವರೆಯಿಂದ ಮೂರು. ಕಡಲ ಮರಳು ಬೇಡವೇ ಬೇಡ. ಬುಡದ ತೇವದ ಭಾಗಕ್ಕೆ ಸುಣ್ಣ ಒಂದು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಮರಳು ಎರಡು. ಸುರ್ಕಿಗೆ ಕಡಿಮೆ ಸುಟ್ಟ ಇಟ್ಟಿಗೆಯ ಪುಡಿಯೇ ಲೇಸು. ಬೆಲ್ಲ, ಅಳಲೆಕಾಯಿ ನೀರನ್ನು ಹಿತಮಿತವಾಗಿ ಬಳಸುತ್ತೇವೆ. ಬೆಲ್ಲ ಸುರಿದಷ್ಟೂ ಗಟ್ಟಿ ಎಂಬುದು ಬರೀ ನಂಬಿಕೆ, ಇರುವೆ ಮಾತ್ರ ಖಂಡಿತ.

ಹಿಂದಿನ ದಿನವೇ ಗೋಡೆ ತೋಯಿಸಿ, ಕರಣೆಯಿಂದ ಬೀಸಿ ಎರಚಿ ಅರ್ಧ ಇಂಚಿಗಿಂತ ದಪ್ಪವಾಗದ ಹಾಗೆ ಒಂದು ಪದರ. ಎರಡನೇ ದಿನ ಕೂದಲೆಳೆಯ ಬಿರುಕು ಕಾಣುತ್ತದೆ. ಗಾಬರಿ ಬೇಡ, ಇನ್ನೂ ಹಸಿಯಿರುವಾಗಲೇ ಮರದ ಮಣೆಯಿಂದ ಒತ್ತಿದರೆ ಮುಚ್ಚುತ್ತದೆ. ಒದ್ದೆ ಗೋಣಿ ಇಳಿಬಿಟ್ಟು, ಹತ್ತು ದಿನದ ಮೇಲೆ ಮುಂದಿನ ಪದರ. ಕೊನೆಗೆ ಹಾಲಿನಷ್ಟು ತೆಳು ಸುಣ್ಣ, ನಾಲ್ಕೈದು ಕೈ. ಮೇಲೆ ಎಮಲ್ಶನ್ (ಪ್ಲಾಸ್ಟಿಕ್ ಬಣ್ಣ) ಬಳಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇಗರ್ಜಿಯ ಮರದ ಪೀಠಕ್ಕೆ (ಪೂಜೆಯ ಆಲ್ಟರಿಗೆ) ನಾವು ಕೈಹಾಕುವುದಿಲ್ಲ. ಎನಾಮೆಲ್ ಬಣ್ಣದಡಿ ಹಳೆ ಚಿನ್ನದ ರೇಕು ಇರಬಹುದು, ಅದು ಪರಿಣತರ ಕೆಲಸ. ವಾರ್ಷಿಕ ಹಬ್ಬದೊಳಗೆ ಮುಗಿಸಿಕೊಡಿ ಎಂಬ ಒತ್ತಡ ಎಲ್ಲ ಊರಲ್ಲೂ ಇದೆ. ಹಬ್ಬ ಜನವರಿಯಲ್ಲಿದ್ದರೆ ಅದಕ್ಕೆ ಮಾಡು ಮಾತ್ರ ಒಪ್ಪಿಕೊಳ್ಳಿ. ಗಾರೆ ಹಬ್ಬದ ನಂತರ ಶುರುವಾಗಿ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನ) ಒಂದು ತಿಂಗಳು ಮೊದಲೇ ಮುಗಿಯಲಿ.