ವಿಯೆನ್ನಾದಲ್ಲಿ ಮೈಸೂರು ಟೈಮ್: ನನ್ನ ಅನುಭವ

ಯುರೋಪ್ ನೋಡಿ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ಇಳಿದ ದಿನವೇ ಅಲ್ಲಿನ ಟೈಮಿಗೆ ಒಗ್ಗಿಕೊಳ್ಳಿ, ರಾತ್ರಿ ಹತ್ತರವರೆಗೆ ಮಲಗಲೇಬೇಡಿ ಅಂತ. ನಾವು 2024ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಇದನ್ನು ಪೂರ್ತಿ ಉಲ್ಟಾ ಮಾಡಿದೆವು. ಮೊದಲ ಮೂರು-ನಾಲ್ಕು ದಿನ ಮೈಸೂರಿನ ಟೈಮಿನಲ್ಲೇ ಎದ್ದೆವು, ಉಂಡೆವು, ಮಲಗಿದೆವು. ಜರ್ಮನಿಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ನಕ್ಕಿದ್ದ. "ಅಕ್ಕಾ, ಹಂಗೆ ಮಾಡಿದ್ರೆ ರಜೆಯೆಲ್ಲ ನಿದ್ದೇಲೇ ಹೋಗುತ್ತೆ ನೋಡು" ಅಂದಿದ್ದ. ಈಗ ಅವನೇ ನಮ್ಮ ದಿನಚರಿ ಬರೆದು ಕಳಿಸು ಅಂತ ಕೇಳಿದ್ದಾನೆ.

ಎಲ್ಲರೂ ಹೇಳುವ ದಾರಿಯನ್ನು ನಾವು ಅದಕ್ಕೂ ಮುಂಚೆ ಪ್ಯಾರಿಸ್‌ನಲ್ಲಿ ನೋಡಿಯಾಗಿತ್ತು. ಮೊದಲ ರಾತ್ರಿಯೇ ಸೇನ್ ನದಿಯಲ್ಲಿ ದೋಣಿಯ ಊಟ. ಇಬ್ಬರಿಗೂ ಸೇರಿ ಹತ್ತು-ಹನ್ನೆರಡು ಸಾವಿರ ರೂಪಾಯಿ ಕೊಟ್ಟಿದ್ದೆವು. ನಮ್ಮ ಮನೆಯವರು ಸೂಪ್ ಮುಗಿಯುವಷ್ಟರಲ್ಲಿ ನಿದ್ದೆ ಹೋದರು. ಅವರನ್ನು ಎಬ್ಬಿಸುವುದರಲ್ಲೇ ನನ್ನ ಐಫೆಲ್ ಟವರ್ ಮುಗಿಯಿತು. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಹೋಟೆಲಿನ ತಿಂಡಿಗೆ ಕಾದು, ಹತ್ತಕ್ಕೆ ಹೊರಬಿದ್ದರೆ ಎಲ್ಲೆಲ್ಲೂ ಕ್ಯೂ. ಕ್ಯೂನಲ್ಲಿ ನಿಂತು ನಿಂತು ಮತ್ತೆ ನಿದ್ದೆ. ಬೇಗ ಎಚ್ಚರವಾಗುವುದನ್ನು ತಡೆಯೋಕೆ ಆಗಲ್ಲ, ಹಾಗಿದ್ದರೆ ಅದನ್ನೇ ಬಳಸಿಕೊಳ್ಳೋಣ ಅಂತ ಅಲ್ಲೇ ತೀರ್ಮಾನಿಸಿದೆ.

ಜೂನ್‌ನಲ್ಲಿ ವಿಯೆನ್ನಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿನ ಬೆಳಗಿನ ನಾಲ್ಕು ಅಂದರೆ ನಮಗೆ ಏಳೂವರೆ. ಐದಕ್ಕೆಲ್ಲ ಸೂರ್ಯ ಬಂದಿರುತ್ತಾನೆ, ರಾತ್ರಿ ಒಂಬತ್ತರವರೆಗೂ ಬೆಳಕು. ನಾಲ್ಕಕ್ಕೆ ಎದ್ದು ಕಾಫಿ-ಅವಲಕ್ಕಿ, ಐದರ ಹೊತ್ತಿಗೆ ಬೀದಿ, ಹನ್ನೊಂದಕ್ಕೆ ಮನೆಗೆ ಬಂದು ಅಡುಗೆ, ಊಟ, ನಿದ್ದೆ. ನಾಲ್ಕಕ್ಕೆ ಮತ್ತೆ ಹೊರಟು ಎಂಟಕ್ಕೆ ವಾಪಸ್. ಎಂಟೂವರೆಗೆ ದೀಪ ಆರಿಸಿದರೆ ಮೈಗೆ ಅದು ನಡುರಾತ್ರಿ.

ಇದು ನಡೆಯಬೇಕಾದರೆ ಇಳಿದ ದಿನ ಮಧ್ಯಾಹ್ನವೇ ಹಾಸಿಗೆ ಬೇಕು. ನಮ್ಮ ವಿಮಾನ ಶನಿವಾರ ಬೆಳಗ್ಗೆ ಇಳಿಯುತ್ತಿತ್ತು, ಆದರೆ ಬಾಡಿಗೆ ಮನೆಗಳು ಬಾಗಿಲು ತೆರೆಯುವುದು ಮೂರು ಗಂಟೆಗೆ. ಮೊದಲು ಬುಕ್ ಮಾಡಿದ ಮನೆಯವರು ಬೇಗ ಬಿಡುತ್ತೇವೆ ಅಂತ ಒಪ್ಪಿ, ಹೊರಡುವ ವಾರದಲ್ಲಿ ಆಗಲ್ಲ ಅಂದುಬಿಟ್ಟರು. ಮೂವತ್ತು ಯೂರೋ ಅಡ್ವಾನ್ಸ್ ವಾಪಸ್ ಬರೋಕೆ ತಿಂಗಳು ಹಿಡಿಯಿತು. ಎರಡನೇ ಮನೆಯವರನ್ನು ಹನ್ನೊಂದಕ್ಕೇ ಬೀಗದ ಕೈ ಕೊಡುವಂತೆ, ಅದೂ ಜಾಸ್ತಿ ದುಡ್ಡಿಲ್ಲದೆ, ಹೇಗೆ ಒಪ್ಪಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಎಲ್ಲರೂ ಶುರು ಮಾಡಿದರೆ ಆಮೇಲೆ ಅದು ನಡೆಯಲ್ಲ.

ಮನೆ ಇದ್ದದ್ದು ಫಾವರೀಟನ್ ಅನ್ನೋ ಬಡಾವಣೆಯಲ್ಲಿ, ಕೆಪ್ಲರ್‌ಪ್ಲಾಟ್ಸ್ ಸ್ಟೇಷನ್ ಹತ್ತಿರ. ದಿನಕ್ಕೆ ತೊಂಬತ್ತು ಯೂರೋ ಆಸುಪಾಸು, ಅಡುಗೆಮನೆ ಸಮೇತ. ಪ್ರವಾಸಿಗರು ಇಳಿದುಕೊಳ್ಳೋದು ಕಡಿಮೆ, ಆದರೆ ಮೆಟ್ರೋ ಯು-1ರಲ್ಲಿ ನಾಲ್ಕನೇ ಸ್ಟೇಷನ್ನೇ ಊರಿನ ನಟ್ಟನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್. ಏರ್‌ಪೋರ್ಟಿನಿಂದ ದುಬಾರಿ ಎಕ್ಸ್‌ಪ್ರೆಸ್ ಬೇಡವೇ ಬೇಡ. ರೇಲ್‌ಜೆಟ್ ಅನ್ನೋ ಮಾಮೂಲಿ ರೈಲು ಕಾಲು ಗಂಟೆಯಲ್ಲಿ ಮುಖ್ಯ ನಿಲ್ದಾಣಕ್ಕೆ ತರುತ್ತದೆ. ನಗರದ ಪಾಸ್ ಇದ್ದರೆ ನಗರದ ಗಡಿಯಾಚೆಗಿನ ಭಾಗಕ್ಕೆ ಮಾತ್ರ ಆಗ ಎರಡು ಚಿಲ್ಲರೆ ಯೂರೋ ಸೇರಿಸಿದರೆ ಸಾಕಿತ್ತು. 72 ಗಂಟೆಯ ಪಾಸ್ ಆಗ ಒಬ್ಬರಿಗೆ ಹದಿನೇಳು ಯೂರೋ ಇತ್ತು. ಹೋಗುವ ಮುಂಚೆ ಈಗ ಯಾವ ಪಾಸ್ ಇದೆ, ದರ ಎಷ್ಟು ಅಂತ ನೋಡಿಕೊಳ್ಳಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ಶನಿವಾರವೇ ವಿಕ್ಟರ್ ಆಡ್ಲರ್ ಮಾರ್ಕೆಟ್‌ಗೆ ಹೋಗಿ ಬದನೆಕಾಯಿ, ಟೊಮೆಟೊ, ಕೊತ್ತಂಬರಿ ತಂದೆ. ಹಾಲಿನ ಪದಾರ್ಥ ಹೊರಗಿನಿಂದ ಒಳಗೆ ಬಿಡಲ್ಲ, ಅದಕ್ಕೇ ತುಪ್ಪ ಒಯ್ದಿರಲಿಲ್ಲ. ಅಲ್ಲಿನ ಕಾಲು ಕೆ.ಜಿ. ಬೆಣ್ಣೆ ತಂದು ಕಾಯಿಸಿದೆ. ಉಪ್ಪಿಲ್ಲದ್ದೇ ಬೇಕು, ಉರಿ ಸಣ್ಣಗಿರಬೇಕು. ಹರಳು ಹರಳಾದ ತುಪ್ಪ, ಘಮ ಅಂದ್ರೆ ಘಮ! ಇಡ್ಲಿ ಹಿಟ್ಟು ಮಾತ್ರ ಎರಡು ಸಲ ಇಟ್ಟರೂ ಉಬ್ಬಲಿಲ್ಲ, ದೋಸೆ ಹುಯ್ದು ಮುಗಿಸಿದೆ. ನಲ್ಲಿ ನೀರು ಆಲ್ಪ್ಸ್ ಬೆಟ್ಟಗಳ ಬುಗ್ಗೆಗಳಿಂದ ಬರುತ್ತದೆ, ಮೊದಲ ಕೊಳವೆ ಮಾರ್ಗ 1873ರದ್ದು. ಆ ನೀರಿನಲ್ಲಿ ನಮ್ಮ ಫಿಲ್ಟರ್ ಡಿಕಾಕ್ಷನ್ ಎಷ್ಟು ಚೆನ್ನಾಗಿ ಇಳಿಯಿತು ಅಂದರೆ, ನೀರಿನ ಬಾಟಲಿಗೆ ಒಂದು ಸೆಂಟೂ ಕೊಡಲಿಲ್ಲ.

ಇನ್ನು ನಡಿಗೆ. ಶನಿವಾರ ರಾತ್ರಿಯಿಡೀ ಮೆಟ್ರೋ ಓಡುತ್ತದೆ, ಹಾಗಾಗಿ ಭಾನುವಾರ ನಾಲ್ಕೂವರೆಗೇ ರೈಲು ಸಿಕ್ಕಿತು. ಗ್ರಾಬನ್ ಬೀದಿ ಪೂರ್ತಿ ಖಾಲಿ. ಅಲ್ಲಿನ ಪ್ಲೇಗ್ ಪಿಡುಗಿನ ಸ್ಮಾರಕ ಕಂಬದ ಸುತ್ತ ನಾವಿಬ್ಬರೇ. ಅಷ್ಟೂ ದೇವದೂತರ ಮುಖಗಳನ್ನು ನಿಧಾನವಾಗಿ ನೋಡಿದೆವು. ಕೋಲ್‌ಮಾರ್ಕ್ಟ್ ಹಾದು ಹೋಫ್‌ಬುರ್ಗ್ ಅರಮನೆಯ ಅಂಗಳ ದಾಟಿದೆವು. ಆರರ ಹೊತ್ತಿಗೆ ಫೋಕ್ಸ್‌ಗಾರ್ಟನ್ ಪಾರ್ಕಿನಲ್ಲಿದ್ದೆವು. ಜೂನ್ ಅಂದರೆ ಗುಲಾಬಿ ಕಾಲ. ಗಿಡದ ಬುಡದಲ್ಲಿ ಪುಟ್ಟ ಫಲಕಗಳು, ಯಾರೋ ಯಾರಿಗೋ ಪ್ರೀತಿಯಿಂದ ಬರೆಸಿದ್ದು. "ರೀ, ಇಲ್ಲಿ ನೋಡಿ" ಅಂತ ನಾನು, "ಇದನ್ನೂ ಓದು" ಅಂತ ಅವರು. ಹೀಗೇ ಒಂದು ಗಂಟೆ ಹೋಯಿತು. ಏಳಕ್ಕೆ ಸ್ಟೆಫಾನ್ಸ್‌ಡೋಮ್ ಚರ್ಚಿನ ಬಾಗಿಲು ತೆರೆದಾಗ ಒಳಗೆ ಪ್ರಾರ್ಥನೆಗೆ ಬಂದ ಕೆಲವರಷ್ಟೇ ಇದ್ದರು. ನಾವು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತೆವು.

ಮಾರನೇ ದಿನ ಶೋನ್‌ಬ್ರುನ್. ಅರಮನೆಗೆ ಟಿಕೆಟ್, ಆದರೆ ತೋಟ ಬಿಟ್ಟಿ, ಬೆಳಗ್ಗೆ ಆರೂವರೆಗೇ ತೆರೆಯುತ್ತದೆ. ಗುಡ್ಡ ಹತ್ತಿ ಗ್ಲೋರಿಯೆಟ್ ಅನ್ನೋ ಕಮಾನು ಮಂಟಪದ ಮುಂದೆ ನಿಂತರೆ ಅರಮನೆ, ಅದರ ಹಿಂದೆ ಇಡೀ ಊರು. ಓಡಲು ಬಂದವರು ಬಿಟ್ಟರೆ ಯಾರೂ ಇಲ್ಲ. ಒಂಬತ್ತೂವರೆಗೆ ನಾವು ಹೊರಡುವಾಗ ಬಸ್ಸುಗಳು ಸಾಲುಗಟ್ಟಿ ಬರುತ್ತಿದ್ದವು. ನನಗೆ ಹೆಮ್ಮೆ ಅನಿಸಿದ್ದು ನಿಜ.

ಒಂದು ಸಂಜೆ ಈ ದಿನಚರಿಯನ್ನೇ ಪರೀಕ್ಷೆ ಮಾಡಿದೆವು. ಸ್ಟೇಟ್ ಒಪೇರಾದಲ್ಲಿ ನಿಂತು ನೋಡುವ ಟಿಕೆಟ್ ಕಡಿಮೆ ದುಡ್ಡಿಗೇ ಸಿಗುತ್ತದೆ.  ಮುಗಿದಾಗ ಹತ್ತು ಗಂಟೆ, ಮೈಸೂರಿನಲ್ಲಿ ಒಂದೂವರೆ. ಮಧ್ಯಾಹ್ನ ಮೂರು ಗಂಟೆ ಮಲಗಿದ್ದರಿಂದ ಮನೆಯವರು ಕೊನೆಯವರೆಗೂ ನಿಂತೇ ನೋಡಿದರು. ದೋಣಿಯಲ್ಲಿ ನಿದ್ದೆ ಮಾಡಿದವರು ಇವರೇ!

ಬಾಡಿಗೆ ಬಿಟ್ಟರೆ ದಿನಕ್ಕೆ ಇಬ್ಬರಿಗೂ ಮೂವತ್ತೈದು-ನಲವತ್ತು ಯೂರೋ ಖರ್ಚಾಯಿತು. ಪ್ಯಾರಿಸ್‌ನಲ್ಲಿ ಇದರ ಮೂರು ಪಟ್ಟು ಸುರಿದಿದ್ದೆವು. ನಾಲ್ಕನೇ ದಿನದ ಹೊತ್ತಿಗೆ ಎಚ್ಚರ ತಾನಾಗೇ ಆರು ಗಂಟೆಗೆ ಸರಿಯಿತು. ಮ್ಯೂಸಿಯಂ ಟಿಕೆಟ್‌ಗಳನ್ನೆಲ್ಲ ಆಮೇಲಿನ ದಿನಗಳಿಗೇ ಇಟ್ಟಿದ್ದೆ, ಬೆಲ್ವೆಡೇರ್ ಮ್ಯೂಸಿಯಂನಲ್ಲಿ ಕಲಾವಿದ ಕ್ಲಿಮ್ಟ್ ಚಿತ್ರದ ಮುಂದೆ ಆಕಳಿಕೆ ಬರಬಾರದಲ್ವಾ?

ತಮ್ಮನಿಗೂ ನಿಮಗೂ ಒಂದು ಮಾತು. ಇದು ಮೇ ಕೊನೆಯಿಂದ ಜುಲೈವರೆಗೆ ಮಾತ್ರ. ಡಿಸೆಂಬರಿನಲ್ಲಿ ಅಂತರ ನಾಲ್ಕೂವರೆ ಗಂಟೆ, ಬೆಳಕಾಗುವುದೇ ಏಳೂವರೆ ಹೊತ್ತಿಗೆ. ಆಗ ಮೂರಕ್ಕೆ ಎದ್ದರೆ ಕಾಫಿ ಕುಡಿದು ಮನೆಯಲ್ಲೇ ಕೂರಬೇಕಾಗುತ್ತದೆ.